ಬೆಹರ್ ಪಾಠದಲ್ಲಿ ಹೊಲದ ಬೆಲೆ

ಯುಗಾದಿ ದಾಟಿ ಕಲಬುರಗಿ ಸುತ್ತಲಿನ ಹಳ್ಳಿಗಳಲ್ಲಿ ಲಾವಣಿ (ಹೊಲದ ಗುತ್ತಿಗೆ) ಮಾತುಕತೆ ಮುಗಿಯುವ ಹೊತ್ತಿಗೆ, ಹೆಚ್ಚಾಗಿ ಮೇ ತಿಂಗಳಲ್ಲಿ, ಯೆಹೂದಿಗಳ ಸಬ್ಬತ್ (ವಾರದ ವಿಶ್ರಾಂತಿ ದಿನ) ಓದಿನಲ್ಲಿ ‘ಬೆಹರ್’ ಪಾಠ ಬರುತ್ತದೆ. ಬೈಬಲಿನ ಯಾಜಕಕಾಂಡ 25:1ರಿಂದ 26:2ರವರೆಗೆ, ಒಟ್ಟು 57 ವಚನ. ಲಾವಣಿ ವ್ಯವಹಾರ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಏಳನೇ ವರ್ಷ ಭೂಮಿ ಬೀಳು ಬಿಡಬೇಕೆಂಬ ಮಾತು ಎಲ್ಲರಿಗೂ ನೆನಪಿರುತ್ತದೆ. ಆ ವರ್ಷ ಬಿತ್ತಬಾರದು, ಬಳ್ಳಿ ಸವರಬಾರದು, ಕೊಯ್ದು ಕೂಡಿಡಬಾರದು. ತಾನಾಗಿ ಬೆಳೆದದ್ದನ್ನು ಒಡೆಯ, ಆಳು, ದನಕರು ಎಲ್ಲರೂ ತಿನ್ನಬಹುದು. ಸಾಲ ಮನ್ನಾ ಮಾಡುವ ಮಾತನ್ನು ಇಲ್ಲಿ ಹುಡುಕಬೇಡಿ, ಅದು ಧರ್ಮೋಪದೇಶಕಾಂಡ 15ರಲ್ಲಿದೆ.

ಪಾಠದ ತಿರುಳು 15, 16ನೇ ವಚನಗಳಲ್ಲಿದೆ. 50ನೇ ವರ್ಷ, ಜೂಬಿಲಿಯಲ್ಲಿ, ಮಾರಿದ ಹೊಲ ಮೂಲ ಮನೆತನಕ್ಕೆ ಹಿಂತಿರುಗುತ್ತದೆ. ಹಾಗಾಗಿ ಕೊಳ್ಳುವವನು ದುಡ್ಡು ಕೊಡುವುದು ಅಲ್ಲಿಯವರೆಗಿನ ಬೆಳೆಗಳಿಗೆ. ವರ್ಷ ಹೆಚ್ಚಿದ್ದರೆ ಬೆಲೆ ಹೆಚ್ಚು, ಕಡಿಮೆಯಿದ್ದರೆ ಕಡಿಮೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಜೂಬಿಲಿಗೆ 10 ಬೆಳೆ ಬಾಕಿಯಿದ್ದಾಗ ಹೊಲ 1,00,000 ರೂಪಾಯಿಗೆ ಹೋಯಿತು ಅನ್ನಿ. ಕೊಂಡವನು 4 ಬೆಳೆ ಉಂಡ ಮೇಲೆ ಮಾರಿದವನ ಕೈಗೆ ದುಡ್ಡು ಬಂದರೆ 60,000 ಕೊಟ್ಟು ಬಿಡಿಸಿಕೊಳ್ಳಬಹುದು. ಅವನಿಂದ ಆಗದಿದ್ದರೆ ಹತ್ತಿರದ ರಕ್ತಸಂಬಂಧಿ ಬಿಡಿಸಬಹುದು. ಆದರೆ ಯೆಹೂದಿಗಳ ಹಳೆಯ ಕಾನೂನು ಗ್ರಂಥ ಮಿಷ್ನಾ ಒಂದು ತಡೆ ಹಾಕುತ್ತದೆ: ಎರಡು ವರ್ಷ ತುಂಬುವ ಮೊದಲು ಬಿಡಿಸುವಂತಿಲ್ಲ. ಬೆಳೆಗೆ ರೋಗ ಬಿದ್ದ ವರ್ಷ, ಬೀಳು ಬಿಟ್ಟ ಏಳನೇ ವರ್ಷ ಇವು ಆ ಎರಡರಲ್ಲಿ ಸೇರುವುದಿಲ್ಲ. ತೊಗರಿಗೆ ನೆಟೆರೋಗ ಬಂದ ವರ್ಷ ಲಾವಣಿ ಹಿಡಿದವನ ಗತಿ ನೋಡಿದವರಿಗೆ ಈ ನಿಯಮದ ನ್ಯಾಯ ತಿಳಿಯುತ್ತದೆ.

ಕೋಟೆಗೋಡೆ ಇರುವ ಊರಿನ ಮನೆಗೆ ಮಾತ್ರ ಬೇರೆ ನಿಯಮ. ಮಾರಿದ ದಿನದಿಂದ ಒಂದು ವರ್ಷದೊಳಗೆ ಬಿಡಿಸಿಕೊಳ್ಳದಿದ್ದರೆ ಜೂಬಿಲಿಯಲ್ಲೂ ಸಿಗದು. ಅಧಿಕ ಮಾಸ ಬಂದರೆ ಆ ತಿಂಗಳು ಮಾರಿದವನ ಪಾಲಿಗೆ, ಅಂದರೆ ಗಡುವು ಒಂದು ತಿಂಗಳು ಹೆಚ್ಚು. ಇಲ್ಲೇ ಒಂದು ಮೋಸ ನಡೆಯುತ್ತಿತ್ತು: ಗಡುವಿನ ಕೊನೆಯ ದಿನ ಕೊಂಡವನು ಅಡಗಿ ಕೂಡುತ್ತಿದ್ದ, ದುಡ್ಡು ಹಿಡಿದು ಬಂದವನಿಗೆ ಸಿಗುತ್ತಿರಲಿಲ್ಲ. ಯೆಹೂದಿ ಧರ್ಮಪಂಡಿತ ಹಿಲ್ಲೇಲ್ ಇದಕ್ಕೆ ದಾರಿ ಮಾಡಿದ. ಮಾರಿದವನು ದುಡ್ಡನ್ನು ದೇವಾಲಯದ ಕೋಣೆಯಲ್ಲಿ ಹಾಕಿ, ಬಾಗಿಲು ಮುರಿದು ಮನೆಯೊಳಗೆ ಹೋಗಬಹುದು. ಕೊಂಡವನು ಯಾವಾಗ ಬೇಕಾದರೂ ಬಂದು ದುಡ್ಡು ಒಯ್ಯಲಿ. ಗೋಡೆಯಿಲ್ಲದ ಹಳ್ಳಿಯ ಮನೆ ಹೊಲದಂತೆಯೇ, ಜೂಬಿಲಿಗೆ ವಾಪಸ್ಸು.

ಬೆಹರ್ ಒಂದನ್ನೇ ಓದುವ ವಾರ ಅದರ ಜೊತೆಗಿನ ಪ್ರವಾದಿ ಪಾಠ ಯೆರೆಮೀಯ 32:6–27. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ, ಯೆರೆಮೀಯ ಸೆರೆಯಲ್ಲಿದ್ದಾನೆ. ಆಗ ಕಾಕಾನ ಮಗ ಹನಮೇಲ ಬಂದು, ಬಿಡಿಸಿಕೊಳ್ಳುವ ಹಕ್ಕು ನಿನ್ನದು, ಅನಾತೋತ್ ಊರಿನ ಹೊಲ ಕೊಂಡುಕೋ ಎನ್ನುತ್ತಾನೆ. ಯೆರೆಮೀಯ 17 ಶೆಕೆಲ್ ಬೆಳ್ಳಿ ತೂಗಿ ಕೊಡುತ್ತಾನೆ. ಸಾಕ್ಷಿಗಳ ಸಹಿ ಬೀಳುತ್ತದೆ. ಮುದ್ರೆ ಹಾಕಿದ ಪತ್ರ ಒಂದು, ತೆರೆದ ಪತ್ರ ಒಂದು. ಎರಡನ್ನೂ ಬಹುಕಾಲ ಉಳಿಯಲೆಂದು ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ.

ಅಧಿಕ ಮಾಸವಿಲ್ಲದ ವರ್ಷಗಳಲ್ಲಿ ಬೆಹರನ್ನು ಸಾಮಾನ್ಯವಾಗಿ ಮುಂದಿನ ‘ಬೆಹುಕೋತೈ’ ಜೊತೆ ಸೇರಿಸಿ ಓದುತ್ತಾರೆ. ಆಗ ಪ್ರವಾದಿ ಪಾಠ ಬೆಹುಕೋತೈಯದು, ಈ ಗಡಿಗೆ ಬಿಟ್ಟುಹೋಗುತ್ತದೆ. ಮನೆಯಲ್ಲಿ ಓದುವವರು ಅದನ್ನೂ ಕೂಡಿಸಿ ಓದಿಕೊಳ್ಳಿ.