ಅವಳ ಅರವತ್ತಕ್ಕೆ ಒಂದು ಸಂಕಲ್ಪ

ವಿಶ್ವಾವಸು ಸಂವತ್ಸರ 1965ರ ಯುಗಾದಿಗೆ ಬಂದಿತ್ತು. 2025ರ ಯುಗಾದಿಗೆ ಮತ್ತೆ ಬಂತು. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಹೆಸರುಗಳ ಚಕ್ರ ಪೂರ್ತಿ ಒಂದು ಸುತ್ತು ತಿರುಗಿ, ಹುಟ್ಟಿದ ಹೆಸರಿನ ವರ್ಷಕ್ಕೇ ಮನುಷ್ಯನನ್ನು ತಂದು ನಿಲ್ಲಿಸುವುದು ಆಯಸ್ಸಿನಲ್ಲಿ ಒಂದೇ ಸಲ. ನೂರಿಪ್ಪತ್ತು ಬಾಳುವ ಪುಣ್ಯವಂತರ ಮಾತು ಬೇರೆ. ಗುರು ರಾಶಿಚಕ್ರ ಸುತ್ತುವುದಕ್ಕೆ ಸುಮಾರು 12 ವರ್ಷ, ಶನಿಗೆ ಸುಮಾರು 30. ಇಬ್ಬರೂ ಹುಟ್ಟಿದಾಗ ಇದ್ದ ಮನೆಗಳ ಹತ್ತಿರಕ್ಕೆ ಒಟ್ಟಿಗೆ ಬರುವುದೂ ಅರವತ್ತಕ್ಕೇ. ಅದಕ್ಕೇ ಹಿರಿಯರು ಈ ವಯಸ್ಸಿಗೆ ಷಷ್ಟ್ಯಬ್ದಿ ಶಾಂತಿ ಇಟ್ಟರು. ಎಪ್ಪತ್ತಕ್ಕೆ ಭೀಮರಥ ಶಾಂತಿ, ಎಂಬತ್ತು ದಾಟಿ ಸಾವಿರ ಹುಣ್ಣಿಮೆ ಕಂಡವರಿಗೆ ಸಹಸ್ರಚಂದ್ರದರ್ಶನ.

ರೂಢಿಯಲ್ಲಿ ಈ ಲೆಕ್ಕವೆಲ್ಲ ಗಂಡನ ವಯಸ್ಸಿನದು. ಹೆಂಡತಿ ಪಕ್ಕದಲ್ಲಿ ಕೂರುತ್ತಾಳೆ, ಕಲಶದ ನೀರು ಅವಳ ತಲೆಯ ಮೇಲೂ ಬೀಳುತ್ತದೆ, ಮಾಂಗಲ್ಯ ಇನ್ನೊಮ್ಮೆ ಕಟ್ಟಿಸಿಕೊಳ್ಳುತ್ತಾಳೆ. ನನ್ನದು ಪ್ಲವ ಸಂವತ್ಸರದಲ್ಲಿ, ಕೊರೊನಾ ಕಾಲದಲ್ಲಿ, ಮಾಸ್ಕ್ ಹಾಕಿಕೊಂಡ ನಾಲ್ಕು ಜನರ ನಡುವೆ ಆಯಿತು. ಈಗ ಇವಳಿಗೆ ಅರವತ್ತು ತುಂಬುವ ಹೊತ್ತಿಗೆ ಮಗಳು ಜಯನಗರದಲ್ಲಿ ಪಾರ್ಟಿ ಹಾಲ್ ಬುಕ್ ಮಾಡಿದಳು, ಮಗ ಹಳೇ ಫೋಟೋಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ವಿಡಿಯೋ ಮಾಡಲು ಕೂತ. ದೇವರ ಲೆಕ್ಕದಲ್ಲಿ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ.

ಅದೇ ಹೊತ್ತಿಗೆ ಭೀಮನ ಅಮಾವಾಸ್ಯೆಯೂ ಬಂತು. ಆಷಾಢದ ಈ ಅಮಾವಾಸ್ಯೆಯಲ್ಲಿ ನಮ್ಮ ಮನೆಯ ನೋಟ ಬದಲಾಗುವುದೇ ಇಲ್ಲ. ತಟ್ಟೆಯಲ್ಲಿ ಅಕ್ಕಿ, ಅದರ ಮೇಲೆ ಜೋಡಿ ದೀಪದ ಕಂಬ, ಅರಿಶಿನ ಹಚ್ಚಿದ ಒಂಬತ್ತು ಗಂಟಿನ ದಾರ. ಜ್ಯೋತಿರ್ಭೀಮೇಶ್ವರನ ಪೂಜೆ ಮುಗಿಸಿ ಇವಳು ನನ್ನ ಕಾಲು ತೊಳೆದು ಅರಿಶಿನ ಕುಂಕುಮ ಇಡುತ್ತಾಳೆ. ಮಂಡಿ ನೋವು ಬಂದ ಮೇಲೆ ನಾನು ಸ್ಟೂಲಿನ ಮೇಲೆ ಕೂರುವುದು, ಅವಳು ಮಣೆಯ ಮೇಲೆ ಕೂತು ಬಗ್ಗುವುದು ಎಂದು ಒಪ್ಪಂದವಾಗಿದೆ. ಆಮೇಲೆ ಅವಳ ತಮ್ಮ ಹೊಸ್ತಿಲ ಮೇಲಿಟ್ಟ ಕಡುಬನ್ನು ಮೊಣಕೈಯಿಂದ ಗುದ್ದಿ ಭಂಡಾರ ಒಡೆಯುತ್ತಾನೆ. ಒಳಗಿನ ಚಿಲ್ಲರೆಗೆ ಮೊಮ್ಮಕ್ಕಳ ಕಿತ್ತಾಟ. ಸತ್ತ ರಾಜಕುಮಾರನಿಗೆ ಮದುವೆ ಮಾಡಿಕೊಟ್ಟ ಬಡ ಹುಡುಗಿ ನದೀ ತೀರದಲ್ಲಿ ಮಣ್ಣಿನ ದೀಪ ಹಚ್ಚಿ ಇದೇ ವ್ರತ ಮಾಡಿದಳು, ಶಿವಪಾರ್ವತಿಯರು ಬಂದು ಗಂಡನನ್ನು ಎಬ್ಬಿಸಿ ಕೊಟ್ಟರು ಎಂಬ ಕಥೆಯನ್ನು ಇವಳು ಪುಸ್ತಕ ನೋಡದೆ ಹೇಳುತ್ತಾಳೆ. ಶ್ರಾವಣದ ಮಂಗಳಗೌರಿ, ಭಾದ್ರಪದದ ಸ್ವರ್ಣಗೌರಿ, ಎಲ್ಲದರಲ್ಲೂ ಬೇಡಿಕೆ ಸುತ್ತಿ ಬಳಸಿ ಗಂಡನ ಆಯಸ್ಸಿಗೇ ಬಂದು ನಿಲ್ಲುತ್ತದೆ. ಇಷ್ಟು ಅರ್ಜಿ ಹೋಗಿರುವಾಗ ನಾನು ಇನ್ನೂ ನಡೆದಾಡುತ್ತಿರುವುದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಪುರೋಹಿತರನ್ನು ಕೇಳಿದೆ: ಹೆಂಡತಿಯ ಆಯಸ್ಸಿಗೆ ಗಂಡ ಮಾಡುವಂಥದ್ದು ಏನೂ ಇಲ್ಲವೇ?

"ಯಾಕಿಲ್ಲ ರಾಯರೇ? ಮಾಡೋರು ಕಮ್ಮಿ ಅಷ್ಟೆ" ಎಂದರು. ಎರಡು ಹೇಳಿದರು. ಒಂದು, ಜನ್ಮತಿಥಿಯ ವರ್ಧಂತಿ, ಅಂದರೆ ಹುಟ್ಟಿದ ತಿಥಿಯ ದಿನದ ಪೂಜೆ. ಅದಕ್ಕೆ ಗಂಡು ಹೆಣ್ಣು ಎಂಬ ಭೇದವಿಲ್ಲ. ಕುಲದೇವರು, ಜನ್ಮನಕ್ಷತ್ರ, ಚಿರಂಜೀವಿಗಳು: ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ, ಎಂಟನೆಯವನಾಗಿ ಮಾರ್ಕಂಡೇಯ, ಇಷ್ಟಕ್ಕೂ ಪೂಜೆ. ಇನ್ನೊಂದು, ಅಶೂನ್ಯಶಯನ ವ್ರತ. ಚಾತುರ್ಮಾಸ್ಯದಲ್ಲಿ ಬಹುಳ ಬಿದಿಗೆಯಂದು ಹಗಲೆಲ್ಲ ಉಪವಾಸವಿದ್ದು, ಲಕ್ಷ್ಮೀನಾರಾಯಣರನ್ನು ಪೂಜಿಸಿ, ಚಂದ್ರನಿಗೆ ಅರ್ಘ್ಯ ಕೊಟ್ಟು ಊಟ ಮಾಡುವುದು. ಆಷಾಢದ ಏಕಾದಶಿಗೆ ಮಲಗಿದ ವಿಷ್ಣು ಕಾರ್ತಿಕದ ಏಕಾದಶಿಯವರೆಗೆ ಶೇಷನ ಮೇಲೆ ಯೋಗನಿದ್ರೆಯಲ್ಲಿರುತ್ತಾನೆ, ಲಕ್ಷ್ಮಿ ಜೊತೆಗಿರುತ್ತಾಳೆ. ಆ ಮಲಗುವ ತಾಣವನ್ನೇ ಮುಂದಿಟ್ಟುಕೊಂಡು ಗಂಡ ಕೇಳಬೇಕು: ಮಧುಸೂದನ, ನಿನ್ನ ಹಾಸಿಗೆ ಹೇಗೆ ಎಂದೂ ಲಕ್ಷ್ಮಿಯಿಲ್ಲದೆ ಬರಿದಾಗುವುದಿಲ್ಲವೋ ಹಾಗೇ ನನ್ನದೂ ಬರಿದಾಗದಿರಲಿ.

ನನಗೆ ಇದು ತಟ್ಟಿತು. ಸಂಪತ್ತು ಕೇಳುವುದಿಲ್ಲ, ನೂರು ವರ್ಷ ಎಂದೂ ಕೇಳುವುದಿಲ್ಲ. ಪಕ್ಕದ ದಿಂಬಿನ ಮಾತು ಮಾತ್ರ. ನಡುರಾತ್ರಿ ಎಚ್ಚರವಾದಾಗ ಪಕ್ಕದವರ ಉಸಿರಾಟ ಕೇಳಿಸುತ್ತಿದೆಯೇ ಎಂದು ಕಿವಿಗೊಟ್ಟು ಮಲಗುವ ವಯಸ್ಸು ನಮ್ಮದು. ಆ ಕಳವಳವನ್ನು ದೇವರೆದುರು ಇಷ್ಟು ನೇರವಾಗಿ ಇಡಬಹುದೆಂದು, ಅದೂ ಗಂಡಸು ಇಡಬಹುದೆಂದು ಯಾರೋ ಪುರಾಣಕಾಲದಲ್ಲೇ ಯೋಚಿಸಿದ್ದಾರೆ. ಹೆಂಗಸರು ತಮ್ಮ ವ್ರತಗಳನ್ನು ತಾಯಿಯಿಂದ ಮಗಳಿಗೆ ದಾಟಿಸಿ ಉಳಿಸಿಕೊಂಡರು. ನಾವು ಗಂಡಸರು ನಮ್ಮ ಪಾಲಿನದನ್ನು ಪಂಚಾಂಗದ ಸಣ್ಣಕ್ಷರದಲ್ಲೇ ಬಿಟ್ಟೆವು.

ಇವಳ ಜನ್ಮತಿಥಿ ಶ್ರಾವಣ ಶುದ್ಧ ದಶಮಿ, ಈ ಸಲ ಸೋಮವಾರ. ಏಳೂವರೆಗೆ ರಾಹುಕಾಲ, ಅಷ್ಟರೊಳಗೆ ದೇವಸ್ಥಾನ ಮುಗಿಯಲಿ ಎಂದು ಬೆಳಕು ಹರಿಯುವ ಮೊದಲೇ ಕೆ.ಆರ್. ಮಾರ್ಕೆಟ್ಟಿಗೆ ಹೋದೆವು. ಶುಕ್ರವಾರ ವರಮಹಾಲಕ್ಷ್ಮಿ; ಕನಕಾಂಬರ ಆಗಲೇ ಕೈಗೆಟುಕದ ಎತ್ತರದಲ್ಲಿತ್ತು. ಹೂವಿನಾಕೆ ಮೊಣಕೈಗೆ ಮಾಲೆ ಹಿಡಿದು ಮೊಳ ಹಾಕುವಾಗ ಇವಳು ಎಂದಿನಂತೆ ಚೌಕಾಸಿಗೆ ಇಳಿದಳು. "ಇವತ್ತು ಬೇಡ ಕಣೇ, ನಿನ್ನ ಅರವತ್ತು" ಎಂದೆ. ಕೇಳಿಸಿಕೊಂಡ ಆಕೆ "ಓ, ಹಂಗಾದ್ರೆ ತಗೋ ತಾಯಿ" ಎಂದು ಒಂದು ಗೇಣು ಹೆಚ್ಚಿಗೆ ಬಿಟ್ಟು ಕತ್ತರಿಸಿದಳು, ಆದರೆ ದರ ಮಾತ್ರ ಇಳಿಸಲಿಲ್ಲ.

ಅಲ್ಲಿಂದ ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನ ಎರಡು ಹೆಜ್ಜೆ. 17ನೇ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರು ಕಟ್ಟಿಸಿದ್ದು, ಪಕ್ಕದಲ್ಲೇ ಟಿಪ್ಪುವಿನ ಬೇಸಿಗೆ ಅರಮನೆ. ಹೊರಗೆ ಬಸ್ಸುಗಳ ಹಾರ್ನ್, ಒಳಗೆ ಕಾಲಿಗೆ ತಣ್ಣಗಿನ ಕಲ್ಲು ಹಾಸು. ಅರ್ಚಕರು ಸಂಕಲ್ಪಕ್ಕೆ ಗೋತ್ರ ಕೇಳಿ, ರೂಢಿಯಂತೆ ಮೊದಲು ನನ್ನ ನಕ್ಷತ್ರ ಕೇಳಿದರು. ಅವಳದ್ದು ಹೇಳಿದೆ. ಒಮ್ಮೆ ತಲೆಯೆತ್ತಿ ನೋಡಿ ಅವಳ ಹೆಸರಿಗೇ ಸಂಕಲ್ಪ ಮಾಡಿದರು. ವೆಂಕಟರಮಣನೂ ಲಕ್ಷ್ಮಿಯನ್ನು ಎದೆಯ ಮೇಲೇ ಇಟ್ಟುಕೊಂಡವನು, ಹೆಚ್ಚು ವಿವರಿಸುವ ಅಗತ್ಯ ಬೀಳಲಿಲ್ಲ ಎಂದುಕೊಂಡೆ.

ಮನೆಯಲ್ಲಿ ಮಾರ್ಕಂಡೇಯನ ಪೂಜೆ ಚಿಕ್ಕದಾಗಿ ಆಯಿತು. ಕೊನೆಯಲ್ಲಿ ಹುಟ್ಟಿದ ದಿನದವರು ಎಳ್ಳು ಬೆಲ್ಲ ಬೆರೆಸಿದ ಹಾಲನ್ನು ಅರ್ಧ ಬೊಗಸೆಯಷ್ಟು ಕುಡಿಯಬೇಕು, ಆಯಸ್ಸಿಗೆಂದು. ಬೆಳ್ಳಿ ಬಟ್ಟಲಿನಲ್ಲಿ ಬೆಲ್ಲ ಪೂರ್ತಿ ಕರಗಿರಲಿಲ್ಲ, ಕರಿ ಎಳ್ಳು ಮೇಲೆ ತೇಲುತ್ತಿತ್ತು. ಕುಡಿದು ನಕ್ಕಾಗ ಮುಂದಿನ ಹಲ್ಲಿಗೆ ಒಂದು ಎಳ್ಳು ಅಂಟಿಕೊಂಡಿತ್ತು. ಮೊಮ್ಮಗಳು "ಅಜ್ಜಿ, ಹಲ್ಲು!" ಎಂದು ಕೂಗಿದಳು. ಮಾರ್ಕಂಡೇಯನ ತಂದೆ ಮೃಕಂಡು ಮುನಿಗೆ ಶಿವ ಆಯ್ಕೆ ಕೊಟ್ಟನಂತೆ: ದೀರ್ಘಾಯುವಾದ ದಡ್ಡ ಮಗ ಬೇಕೋ, ಹದಿನಾರೇ ವರ್ಷದ ಗುಣವಂತ ಬೇಕೋ ಎಂದು. ಅವನು ಗುಣವಂತನನ್ನು ಕೇಳಿದ. ಆಯಸ್ಸು ಬೇಡುವ ದಿನ ನೆನೆಯುವುದು, ಆಯಸ್ಸನ್ನೇ ಬಿಟ್ಟುಕೊಟ್ಟು ಪಡೆದ ಆ ಮಗನನ್ನು. ಶಾಸ್ತ್ರ ಮಾಡಿದವರ ಈ ಜಾಣತನ ನನಗೆ ಬಹಳ ಇಷ್ಟ.

ಪಾರ್ಟಿ ನೂಲ ಹುಣ್ಣಿಮೆಯ ಶನಿವಾರ. ಕೇಕ್ ಆಯಿತು, ವಿಡಿಯೋ ಆಯಿತು, ನನ್ನ ಹಳೇ ಬೆಲ್‌ಬಾಟಮ್ ನೋಡಿ ಎಲ್ಲರೂ ನಕ್ಕಿದ್ದೂ ಆಯಿತು. ಇವಳ ಜೊತೆ ಕೆಲಸ ಮಾಡಿದವರು, ತ್ಯಾಗರಾಜನಗರದ ಭಜನೆಯ ಗೆಳತಿಯರು, ಎದುರು ಮನೆಯವರು, ಇಷ್ಟು ಜನ ಇವಳಿಗಿದ್ದಾರೆಂದು ನೋಡಿದ್ದೇ ಒಂದು ದರ್ಶನ. ಊಟಕ್ಕೆ ಮುಂಚೆ ಭಜನೆಯವರು ವಿಷ್ಣುಸಹಸ್ರನಾಮ ಹೇಳಿದರು. ಸ್ಪೀಕರ್ ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ, ಹುಡುಗರೇ ತಾವಾಗಿ ನಿಲ್ಲಿಸಿದರು. ಕಾಲಿಗೆ ಬಿದ್ದಾಗ ಹಿರಿಯ ಅತ್ತಿಗೆ ಅಕ್ಷತೆ ಹಾಕಿ "ದೀರ್ಘಸುಮಂಗಲಿ ಭವ" ಎಂದರು. ಅವಳ ಅರವತ್ತಕ್ಕೆ ಸಿಕ್ಕ ಆಶೀರ್ವಾದದಲ್ಲೂ ಬೆಳೆದದ್ದು ನನ್ನ ಆಯಸ್ಸೇ!

ಮರುದಿನ ಸಂಜೆ ಚಂದ್ರೋದಯಕ್ಕೆ ಬಿದಿಗೆ. ಬೆಳಗಿನಿಂದ ಉಪವಾಸ ಎಂದು ಅವಳಿಗೆ ಆಗಲೇ ಹೇಳಿದ್ದು. ಫ್ರಿಜ್ಜಿನ ತುಂಬ ಪಾರ್ಟಿಯಲ್ಲಿ ಉಳಿದ ಬಿಸಿಬೇಳೆಬಾತು.

"ಬಿಪಿ ಮಾತ್ರೆ ಬರೀ ಹೊಟ್ಟೇಲಿ ತೊಗೊಳ್ತೀರಾ? ಹಾಲು ಹಣ್ಣು ನಡೆಯತ್ತಾ ಕೇಳಿ ಮೊದಲು" ಎಂದಳು. ಪುರೋಹಿತರಿಗೆ ಫೋನ್ ಮಾಡಿದೆ, ನಡೆಯುತ್ತದೆ ಎಂದರು. ಸಂಜೆ ತಾರಸಿಯಲ್ಲಿ ಮೋಡ ಕವಿದಿತ್ತು. ಪೂರ್ವಕ್ಕೆ ತಿರುಗಿ ಅಂದಾಜಿನ ಮೇಲೆ ಅರ್ಘ್ಯ ಬಿಟ್ಟೆ, ಅವಳು ಉದ್ಧರಣೆಗೆ ನೀರು ಹಾಕಿಕೊಟ್ಟಳು.

"ಇನ್ನೂ ಬಿದಿಗೆಗಳು ಇವೆ ಅಂದ್ರಲ್ಲ ರೀ, ಮುಂದಿನದಕ್ಕೆ ಎರಡು ದಿನ ಮುಂಚೆ ಹೇಳಿ. ಆವತ್ತು ಒತ್ತುಶಾವಿಗೆ ಮಾಡೋದು ಬೇಡ" ಎಂದು ಕೆಳಗಿಳಿದು ಸಾರು ಬಿಸಿಗಿಟ್ಟಳು.