ಡಿಸೆಂಬರ್ ಓದು: ಹನ್ನೆರಡರಲ್ಲಿ ಎಂಟು ಆಯ್ತು

ಡಿಸೆಂಬರ್ 1ಕ್ಕೆ ಶುರು ಮಾಡಿದ್ದು. ಜನವರಿ 6ರ ಒಳಗೆ ಹನ್ನೆರಡು ಪುಸ್ತಕ ಓದಬೇಕು, ಒಂದೊಂದಕ್ಕೂ ನೋಟ್‌ಬುಕ್ಕಿನಲ್ಲಿ ಅರ್ಧ ಪುಟ ಬರೆಯಬೇಕು. ಕ್ರಿಸ್‌ಮಸ್ ಪ್ರೇಮಕಥೆ ಅಥವಾ ಹಳೇ ಕಾಲದ ಪ್ರೇಮಕಥೆ ಆಗಿರಬೇಕು, ಅಷ್ಟೇ ನಿಯಮ. 6ನೇ ತಾರೀಖು ಯಾಕೆ ಅಂದ್ರೆ, ಹಿಂದೆ ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಒಂದೇ ದಿನಕ್ಕೆ ಮುಗಿಯುತ್ತಿರಲಿಲ್ಲ. ಹನ್ನೆರಡು ದಿನದ ಹಬ್ಬ ಅದು.

ಇವತ್ತು 27. ಎಂಟು ಮುಗಿದಿವೆ. ಎಲ್ಲಾ ಓದು ಬಸ್ಸಿನಲ್ಲೇ. ಚಿತ್ರದುರ್ಗದಿಂದ ದಾವಣಗೆರೆಗೆ ದಿನಾ ಕೆಲಸಕ್ಕೆ ಹೋಗಿ ಬರುತ್ತೇನೆ. ಬೆಳಿಗ್ಗೆ ಕಿಟಕಿ ಮುಚ್ಚಿದ್ದರೂ ಸಂದಿಯಿಂದ ಚಳಿಗಾಳಿ ನುಗ್ಗುತ್ತೆ. ಭರಮಸಾಗರ ಬರುವಷ್ಟರಲ್ಲಿ ಎರಡು ಅಧ್ಯಾಯ ಆಗಿರುತ್ತೆ, ಪಕ್ಕದವರು ಮಾತಿಗೆ ಸಿಗದಿದ್ದರೆ.

ಪುಸ್ತಕಗಳ ಹೆಸರು ಬರೆಯಲ್ಲ. ಎಲ್ಲಾ ಹೆಸರೂ ಡ್ಯೂಕ್, ಹಿಮ, ಮುತ್ತು ಈ ಮೂರನ್ನೇ ಹಿಂದೆ ಮುಂದೆ ಮಾಡಿ ಇಟ್ಟಂತಿವೆ, ನನಗೇ ನೆನಪಿರಲ್ಲ. ಅಂಕ ಐದಕ್ಕೆ. ಶೃಂಗಾರ ಎಷ್ಟಿದೆ ಅನ್ನೋದಕ್ಕೆ ಬೇರೆ ಗುರುತು, ಮಿರ್ಚಿ. ದಾವಣಗೆರೆಯಲ್ಲಿ ಮಂಡಕ್ಕಿ ಜೊತೆ ಮಿರ್ಚಿ ತಿಂದವರಿಗೆ ಒಂದು ಮಿರ್ಚಿಗೂ ಮೂರು ಮಿರ್ಚಿಗೂ ಏನು ವ್ಯತ್ಯಾಸ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಎರಡು ಸುಮಾರು. ಮೂರನೆಯದು 1815ರ ಕಥೆ. ಇಂಗ್ಲೆಂಡಿನ ರೀಜೆನ್ಸಿ ಕಾಲ, ಅಂದ್ರೆ 1811ರಿಂದ 1820. ರಾಜನಿಗೆ ಬುದ್ಧಿ ಸ್ಥಿಮಿತ ತಪ್ಪಿ, ಮಗ ಅವನ ಪರವಾಗಿ ಆಳಿದ ವರ್ಷಗಳು. ಆ ಕಥೆಯಲ್ಲಿ ಒಬ್ಬ ಸಾಧಾರಣ ಪಾದ್ರಿಯ ಮನೆಯಲ್ಲಿ ಮೇಣದಬತ್ತಿ ಹಚ್ಚಿದ ಕ್ರಿಸ್‌ಮಸ್ ಮರ ನಿಂತಿದೆ! ಅರಮನೆಯಲ್ಲಿ ಮರ ಇಡುತ್ತಿದ್ದದ್ದು ನಿಜ. ಆದರೆ ವಿಕ್ಟೋರಿಯಾ ರಾಣಿಯ ಕುಟುಂಬ ಮರದ ಸುತ್ತ ನಿಂತ ಚಿತ್ರ 1848ರಲ್ಲಿ ಪತ್ರಿಕೆಯಲ್ಲಿ ಬಂದಮೇಲೆ ಅದು ಮನೆಮನೆಗೂ ಹಬ್ಬಿದ್ದು. ಅರ್ಧ ಅಂಕ ಕಿತ್ತೆ. ಹಿಮದ ಬಗ್ಗೆ ಮಾತ್ರ ತಕರಾರಿಲ್ಲ. ಆ ವರ್ಷಗಳು ನಿಜಕ್ಕೂ ಭಾರಿ ಚಳಿಯವು. 1814ರ ಫೆಬ್ರವರಿಯಲ್ಲಿ ಲಂಡನ್ನಿನ ಥೇಮ್ಸ್ ನದಿ ಹೆಪ್ಪುಗಟ್ಟಿ, ಜನ ಅದರ ಮೇಲೇ ಜಾತ್ರೆ ನಡೆಸಿದ್ದರು.

ನಾಲ್ಕು, ಐದು ಓದುವಾಗ ನನ್ನ ವಿಮರ್ಶೆಯ ದಾರಿಯೇ ಬದಲಾಯಿತು. ಇಂಥ ಕಥೆಯಲ್ಲಿ ಇಬ್ಬರೂ ಕೊನೆಗೆ ಒಂದಾಗ್ತಾರೆ ಅಂತ ಮೊದಲ ಪುಟದಲ್ಲೇ ಗೊತ್ತು. ಹಾಗಾದ್ರೆ ನೋಡಬೇಕಾದ್ದು ಏನು? ನಡುವೆ ನಿಂತಿರೋ ಅಡ್ಡಿ. ನಾಲ್ಕನೆಯದರಲ್ಲಿ ಅಡ್ಡಿ ಅಂದ್ರೆ ಒಂದು ಕಾಗದ ತಪ್ಪು ಕೈಗೆ ಹೋಗಿದ್ದು. ಇಬ್ಬರೂ ಒಂದು ನಿಮಿಷ ಕೂತು ಮಾತಾಡಿದ್ದರೆ ಮುಗಿಯುತ್ತಿತ್ತು. ಮುನ್ನೂರು ಪುಟ ಸುಮ್ನೆ ಎಳೆದರು. ಐದನೆಯದರಲ್ಲಿ ನಾಯಕಿ ವಿಧವೆ, ಕೈಯಲ್ಲಿ ಆಸ್ತಿ ಇದೆ, ಅವನನ್ನು ಕಂಡರೆ ಪ್ರಾಣ. ಆದರೂ ಮದುವೆ ಅಂದ್ರೆ ಹಿಂದೆ ಸರೀತಾಳೆ. ಯಾಕೆ? ಮದುವೆಯಾದರೆ ಆಸ್ತಿಯ ಹಿಡಿತ ಗಂಡನಿಗೆ ಹೋಗುತ್ತೆ. ಅಲ್ಲಿ ಆ ಕಾನೂನು ಪೂರ್ತಿ ಬದಲಾಗಿದ್ದು 1882ರಲ್ಲಿ. ಮಾತಾಡಿ ಬಗೆಹರಿಯೋ ಅಡ್ಡಿ ಅಲ್ಲ ಅದು. ನಾಲ್ಕೂವರೆ ಅಂಕ, ಎರಡು ಮಿರ್ಚಿ.

ಆರನೆಯದರಲ್ಲಿ ಓಡಿಹೋಗೋ ಜೋಡಿ. 1753ರ ಕಾಯ್ದೆ ಬಂದಮೇಲೆ ಇಂಗ್ಲೆಂಡಿನಲ್ಲಿ 21 ತುಂಬದವರು ಅಪ್ಪನ ಒಪ್ಪಿಗೆ ಇಲ್ಲದೆ ಮದುವೆಯಾಗೋದು ಕಷ್ಟವಾಯಿತು. ಸ್ಕಾಟ್ಲೆಂಡಿಗೆ ಆ ಕಾಯ್ದೆ ಇಲ್ಲ. ಹಾಗಾಗಿ ಗಡಿ ದಾಟಿದ ಕೂಡಲೇ ಸಿಗೋ ಗ್ರೆಟ್ನಾ ಗ್ರೀನ್ ಅನ್ನೋ ಹಳ್ಳಿಗೆ ಓಡೋದು, ಕಮ್ಮಾರನ ಕುಲುಮೆಯಲ್ಲಿ ಮದುವೆ. ಕಾನೂನು ಸರಿ ಇತ್ತು, ಆದರೆ ಹುಡುಗನಿಗೆ ಮಾತೇ ಬರಲ್ಲ. ಮೂರು.

ಏಳನೆಯದು ಕೈಕೊಟ್ಟಿತು. ಹಳೇ ಪುಸ್ತಕದ ರಾಶಿಯಲ್ಲಿ ನಲವತ್ತು ರೂಪಾಯಿಗೆ ತಂದದ್ದು. ಕೊನೆಯ ಹದಿನಾರು ಪುಟ ಇಲ್ಲ. ಒಂದಾಗ್ತಾರೆ ಅಂತ ಗೊತ್ತಿದ್ದೂ ಎಷ್ಟು ಸಂಕಟ ಆಯ್ತು ಅಂತೀರಾ! ಅವನು ಕ್ಷಮೆ ಕೇಳಬೇಕಿತ್ತು. ಹೇಗೆ ಕೇಳಿದ ಅನ್ನೋದು ಬೇಕಿತ್ತು ನನಗೆ.

ಆ ಸಿಟ್ಟಿನಲ್ಲೇ ಎಂಟನೆಯದಾಗಿ ತ.ರಾ.ಸು. ಅವರ ದುರ್ಗಾಸ್ತಮಾನವನ್ನು ಮತ್ತೆ ಎತ್ತಿಕೊಂಡೆ. ಪ್ರೇಮಕಥೆ ಅಲ್ಲ ಅಂತ ನೀವು ಜಗಳ ಆಡಬಹುದು. ನನ್ನ ಪಟ್ಟಿ, ನನ್ನ ನಿಯಮ. ಇಲ್ಲೂ ಕೊನೆ ಮೊದಲೇ ಗೊತ್ತು, ಹೆಸರಲ್ಲೇ ಇದೆ. 1779ರಲ್ಲಿ ಚಿತ್ರದುರ್ಗದ ಕೋಟೆ ಹೈದರಾಲಿಯ ಕೈಸೇರುತ್ತೆ, ಮದಕರಿ ನಾಯಕ ಸೆರೆಯಾಗ್ತಾನೆ. ಅಡ್ಡಿ ಅಂದ್ರೆ ಇಲ್ಲಿ ಒಂದಿಡೀ ಸೈನ್ಯ. ಸಂಜೆ ಬಸ್ಸು ಊರಿಗೆ ಹತ್ತಿರವಾಗಿ ಬೆಟ್ಟ ಕಾಣಿಸಿದಾಗ ಪುಸ್ತಕ ಮಡಚಿಟ್ಟೆ. ಅಂಕ ಕೊಟ್ಟಿಲ್ಲ. 1985ರಲ್ಲಿ ಇದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ನೋಡೋಕೆ ತ.ರಾ.ಸು. ಅವರೇ ಇರಲಿಲ್ಲ, 1984ರಲ್ಲಿ ತೀರಿಕೊಂಡಿದ್ದರು. ಅಂಥ ಪುಸ್ತಕಕ್ಕೆ ನಾನೆಂಥಾ ಅಂಕ ಕೊಡೋದು.

ಮೊನ್ನೆ 25ಕ್ಕೆ ಪಕ್ಕದ ಬೀದಿಯ ಆಂಟಿ ಡಬ್ಬಿ ತುಂಬಾ ಕಲ್‌ಕಲ್, ರೋಸ್ ಕುಕ್ಕಿ ಕಳಿಸಿದ್ದರು. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಅಮ್ಮ ಶೇಂಗಾ ಉಂಡೆ ತುಂಬಿಸಿ, "ಆ ದೊರೆಗಳ ಕಥೆ ಬದಿಗಿಟ್ಟು ಕೊಟ್ಟು ಬಾರೇ" ಅಂದಳು. ಹೋದಾಗ ಗೋದಲಿ, ಅಂದ್ರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಅಲಂಕಾರ, ಇನ್ನೂ ಇತ್ತು, ಬಾಗಿಲಲ್ಲಿ ನಕ್ಷತ್ರ. ನನ್ನ ಚೀಲದಲ್ಲಿದ್ದ ಏಳನೇ ಪುಸ್ತಕ ಆಂಟಿ ಕಣ್ಣಿಗೆ ಬಿತ್ತು.

"ಕೊನೆ ಪುಟಗಳಿಲ್ಲ ಆಂಟಿ."

"ಇರಲಿ ಕೊಡಮ್ಮ. ಕೊನೆ ಏನಾಗುತ್ತೆ ಅಂತ ನನಗೆ ಗೊತ್ತಿಲ್ವಾ?"

ಇವತ್ತು ಬೆಳಿಗ್ಗೆ ಬಸ್‌ಸ್ಟಾಪಿಗೆ ಹೊರಟಾಗ ಗೇಟಿನಿಂದಲೇ ಕೂಗಿದರು, "ಏನೇ, ಅವನು ಕ್ಷಮೆ ಕೇಳಿದ್ನಾ ಇಲ್ವಾ?" ಇನ್ನು ನಾಲ್ಕು ಬಾಕಿ. ಒಂಬತ್ತನೆಯದರ ಕೊನೇ ಪುಟ ಇದೆಯಾ ಅಂತ ಮೊದಲು ನೋಡಿಕೊಂಡೆ. ಇದೆ.