ಚೂರಿಯ ಮೇಲೆ ತಲೆಕೆಳಗಾಗಿ ನಿಂತವಳು

ಲಂಡನ್ನಿಗೆ ಬಂದ ಮೊದಲ ಚಳಿಗಾಲದಲ್ಲಿ ಭಾನುವಾರ ಬಂತೆಂದರೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋಗಿಬಿಡುತ್ತಿದ್ದೆ. ಒಳಗೆ ಬೆಚ್ಚಗಿರುತ್ತದೆ, ಟಿಕೆಟ್ಟೂ ಇಲ್ಲ. ಇರಾನಿನ ಆ ತೈಲಚಿತ್ರ ನೋಡಿದ್ದು ಅಲ್ಲೇ.

ಒಬ್ಬ ಹೆಣ್ಣುಮಗಳು ಚೂರಿಯ ಮೇಲೆ ಮೈಭಾರ ಹಾಕಿ ತಲೆಕೆಳಗಾಗಿ ನಿಂತಿದ್ದಾಳೆ. ಥೇಟ್ ನಮ್ಮ ಡೊಂಬರಾಟ. ಮದರಂಗಿ ಹಚ್ಚಿದ ಕೈ, ಕಾಡಿಗೆ ಕಣ್ಣು, ಮೂಗಿನ ಮೇಲೆ ಕೂಡಿಕೊಂಡ ಹುಬ್ಬು. ಮುಖದಲ್ಲಿ ಮಾತ್ರ ಆಯಾಸದ ಸುಳಿವೇ ಇಲ್ಲ. ತುಂಬಾ ಹೊತ್ತು ಅಲ್ಲೇ ನಿಂತೆ.

ಇದು ಕಜಾರ್ ಅರಸರ ಕಾಲದ್ದು, 1800ರಿಂದ 1830ರ ನಡುವಿನದು. ಆಗ ಟೆಹರಾನಿನಲ್ಲಿ ಫತ್ ಅಲಿ ಶಾ ಆಳುತ್ತಿದ್ದ. ಅರಮನೆಯ ಗೋಡೆಗಳಲ್ಲಿ ಕಮಾನಿನ ಗೂಡುಗಳಿರುತ್ತಿದ್ದವು. ಅವುಗಳಿಗೆ ಹೊಂದುವಂತೆ ನರ್ತಕಿಯರು, ವಾದ್ಯ ನುಡಿಸುವವರು, ಡೊಂಬರಾಟದವರ ಚಿತ್ರ ಬರೆಸುತ್ತಿದ್ದರು. ಕೂಡುಹುಬ್ಬು ಆಗ ಚೆಲುವಿನ ಗುರುತು. ಹುಬ್ಬು ಸಾಲದಿದ್ದರೆ ವಸ್ಮೆ ಅನ್ನುವ ಗಿಡದ ಬಣ್ಣದಿಂದ ತೀಡಿಕೊಳ್ಳುತ್ತಿದ್ದರಂತೆ. ಇದನ್ನು ಹೇಳಿದ್ದು ನನ್ನ ಜೊತೆ ಕೆಲಸ ಮಾಡುವ ಇರಾನಿ ಗೆಳತಿ. ಅವಳ ಅಜ್ಜಿಗೂ ಆ ಹೆಸರು ಗೊತ್ತಿತ್ತು.

ಆಮೇಲೆ ಇಂಥ ಚಿತ್ರಗಳನ್ನು ಹುಡುಕಿ ಹುಡುಕಿ ನೋಡಿದೆ. ಒಂದು ವಿಷಯ ಈಗಲೂ ಕಾಡುತ್ತದೆ. ಸೊಂಟದವರೆಗಿನ ಗಡ್ಡ ಕಂಡರೆ ಸಾಕು, ಫತ್ ಅಲಿ ಶಾನನ್ನು ಎಲ್ಲಿದ್ದರೂ ಗುರುತು ಹಿಡಿಯಬಹುದು. ಹೆಂಗಸರದ್ದೋ, ಎಲ್ಲರದ್ದೂ ಒಂದೇ ಮುಖ. ಬಟ್ಟೆಯ ಒಂದೊಂದು ಹೂವನ್ನೂ, ಮುತ್ತಿನ ಸರವನ್ನೂ ಅಷ್ಟು ತಾಳ್ಮೆಯಿಂದ ಬರೆದ ಕಲಾವಿದ ಒಬ್ಬಳ ಹೆಸರನ್ನಾದರೂ ಬರೆದಿಡಬಾರದಿತ್ತಾ? ಜನಾನಾದೊಳಗೆ ಹೊರಗಿನ ಗಂಡಸರಿಗೆ ಪ್ರವೇಶವಿರಲಿಲ್ಲ, ನಿಜ. ಆದರೂ ಸಂಕಟವಾಗುತ್ತದೆ.

1848ರಲ್ಲಿ ಪಟ್ಟಕ್ಕೆ ಬಂದ ನಾಸಿರುದ್ದೀನ್ ಶಾಗೆ ಕ್ಯಾಮೆರಾ ಹುಚ್ಚು ಜಾಸ್ತಿ. ತನ್ನ ರಾಣಿಯರ ಫೋಟೊಗಳನ್ನು ತಾನೇ ತೆಗೆಯುತ್ತಿದ್ದ. ಅವನ ಮೆಚ್ಚಿನ ಅನೀಸ್ ಉದ್ದೌಲಾ ಅವುಗಳಲ್ಲಿ ತುಂಬು ಮೈಯ, ದಪ್ಪ ಹುಬ್ಬಿನ, ಒಬ್ಬ ನಿಜವಾದ ಹೆಂಗಸಾಗಿ ಕಾಣುತ್ತಾಳೆ. ಬೇರೆ ಯಾರ ಮುಖವೂ ಅಲ್ಲ, ಅವಳದ್ದೇ.

ನನ್ನ ಡೊಂಬರಾಟದವಳಿಗೆ ಆ ಭಾಗ್ಯ ಸಿಗಲಿಲ್ಲ. ಹೋದ ವಾರ ಅವಳ ಚಿತ್ರವನ್ನು ಅಮ್ಮನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಎರಡು ನಿಮಿಷದಲ್ಲಿ ಫೋನ್ ಬಂತು. “ಪಾಪ, ನೋಯಲ್ವೇನೋ ಅವಳಿಗೆ?”